ಅಂಗುಲದೆತ್ತರದ ಯೋಧನಿಗೆ ಹೊಸ ಆಯುಧ

ಇಂಗ್ಲೆಂಡಿನ ನಡುನಾಡಿನಲ್ಲಿರುವ ನಾಟಿಂಗ್‌ಹ್ಯಾಮ್ ನಗರದ ಹೆಸರು ನಮ್ಮಲ್ಲಿ ಅನೇಕರಿಗೆ ಪರಿಚಿತವಾಗಿರುವುದು ರಾಬಿನ್ ಹುಡ್‌ನ ಕಥೆಗಳ ಮೂಲಕ. ಆದರೆ ಕಳೆದ ನಾಲ್ಕು ದಶಕಗಳಿಂದ ಆ ನಗರವೂ ಅದರ ಸುತ್ತಣ ಪ್ರದೇಶವೂ ಬೇರೊಂದು ಜಾತಿಯ ಬಿಲ್ಲುಗಾರರಿಗೆ, ಖಡ್ಗಧಾರಿಗಳಿಗೆ, ದೈತ್ಯರಿಗೆ, ಅಸ್ಥಿಪಂಜರದ ಪದಾತಿಗಳಿಗೆ ಜನ್ಮಭೂಮಿಯಾಗಿ ಪರಿಣಮಿಸಿವೆ. ಇವರು, ದೈತ್ಯರನ್ನು ಬಿಟ್ಟರೆ, ಪಾದದಿಂದ ಕಣ್ಣಿನವರೆಗೆ ಸುಮಾರು 28 ಮಿಲಿಮೀಟರ್, ಎಂದರೆ ಒಂದು ಅಂಗುಲಕ್ಕಿಂತ ತುಸು ಹೆಚ್ಚು ಎತ್ತರವುಳ್ಳವರು. ತವರ ಮೊದಲಾದ ಮೆದುಲೋಹಗಳ ಮಿಶ್ರಣದಿಂದಲೋ, ಗಟ್ಟಿ ಪ್ಲಾಸ್ಟಿಕ್ಕಿನಿಂದಲೋ, ರೆಸಿನ್ನಿನಿಂದಲೋ ಅಚ್ಚಿನಲ್ಲಿ ಮೈತಳೆದ ಕಿರುಮೂರ್ತಿಗಳು. ಮೇಜಿನ ಮೇಲೆ ಕೃತಕವಾದ ಬೆಟ್ಟ, ಕಾಡು, ಪಾಳುಮನೆಗಳನ್ನು ನಿಲ್ಲಿಸಿ, ಅಳತೆಪಟ್ಟಿಯಿಂದ ನಡಿಗೆಯ ದೂರವನ್ನು ಅಳೆದು, ದಾಳವನ್ನುರುಳಿಸಿ ಹೊಡೆತದ ಫಲವನ್ನು ನಿರ್ಣಯಿಸುತ್ತ, ಇಬ್ಬರು ಎದುರುಬದುರಾಗಿ ನಿಂತು ಆಡುವ ಯುದ್ಧಕ್ರೀಡೆಗೆ ಇವೇ ಕಾಯಿಗಳು.

ಚದುರಂಗದ ಪದಾತಿಗೆ ಮುಖವಿಲ್ಲ, ಇರಬೇಕೆಂದು ಯಾರೂ ಬಯಸುವುದೂ ಇಲ್ಲ. ಈ ಮೂರ್ತಿಗಾದರೋ ಮುಖವುಂಟು, ಆ ಮುಖದಲ್ಲಿ ಗಾಯದ ಗುರುತುಂಟು, ಮೈಮೇಲೆ ಕವಚವುಂಟು, ಸೊಂಟದಲ್ಲಿ ಬಾಕು ಉಂಟು, ಬೆನ್ನಿಗೆ ಹಾಸಿಗೆಯ ಸುರುಳಿಯುಂಟು. ಇಷ್ಟೆಲ್ಲ ವೈಯಕ್ತಿಕ ಲಕ್ಷಣಗಳಿದ್ದರೂ ಅಚ್ಚಿನಿಂದ ಹೊರಬಂದ ವಸ್ತುವಾದ್ದರಿಂದ, ಅದೇ ಗಾಯ, ಅದೇ ಬಾಕು, ಅದೇ ಸುರುಳಿ ಹೊತ್ತ ಸಾವಿರಾರು ಸೋದರರು ಅವನಿಗೆ ಲೋಕದಲ್ಲೆಲ್ಲ ಹರಡಿರುತ್ತಾರೆ. ಈ ಏಕರೂಪತೆಯನ್ನು ಸಹಿಸಲಾರದ ಆಟಗಾರನು ಚಾಕು, ಅರ, ಬೈರಿಗೆಗಳನ್ನು ಕೈಗೆತ್ತಿಕೊಂಡು, ಮೂರ್ತಿಯ ಕೈಯ ಖಡ್ಗವನ್ನು ತೆಗೆದು ಭರ್ಜಿಯನ್ನು ಕೊಡುವುದು, ಶಿರಸ್ತ್ರಾಣವನ್ನು ಕಳೆದು ಟೋಪಿ ತೊಡಿಸುವುದು, ಬತ್ತಳಿಕೆಯನ್ನೋ ಚೀಲವನ್ನೋ ಹೊಸದಾಗಿ ರಚಿಸಿ ತೂಗುಹಾಕುವುದು, ಇವೆಲ್ಲ ಕೂಡಿ ಕನ್ವರ್ಷನ್, ಎಂದರೆ ರೂಪಾಂತರ, ಎಂದು ಕರೆಯಲ್ಪಡುವ ಕಸುಬಾಗಿದೆ. ಆಟದ ನಿಯಮಗಳಿಗಿಂತಲೂ, ಬಣ್ಣ ಹಾಕುವ ನೈಪುಣ್ಯಕ್ಕಿಂತಲೂ ಈ ಹವ್ಯಾಸದ ಜೀವವಿರುವುದು ಇಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಅಚ್ಚು ಕೊಟ್ಟ ಬೊಂಬೆಯು ಯಾರೋ ಒಬ್ಬ ನಿರ್ದಿಷ್ಟ ಮನುಷ್ಯನಾಗುವುದು ಈ ಹಂತದಲ್ಲಿ.

ಈ ಕಸುಬು ಇಂದು ನಿನ್ನೆಯದಲ್ಲ. ಎಚ್. ಜಿ. ವೆಲ್ಸ್ 1913ರಲ್ಲಿ 'ಲಿಟ್ಲ್ ವಾರ್ಸ್' ಎಂಬ ಪುಸ್ತಕವನ್ನು ಪ್ರಕಟಿಸಿ, ಆಟದ ಸಿಪಾಯಿಗಳನ್ನು ನೆಲದ ಮೇಲೆ ಹರಡಿ ಸ್ಪ್ರಿಂಗಿನ ತೋಪಿನಿಂದ ಉರುಳಿಸುವ ಯುದ್ಧಕ್ಕೆ ನಿಯಮಗಳನ್ನು ಬರೆದಾಗ, ಅವರ ಸೇನೆ ಅಂಗಡಿಯಲ್ಲಿ ದೊರೆತ ಸಿಪಾಯಿಗಳದಾಗಿತ್ತು. 1959ರಿಂದೀಚೆಗೆ ಏರ್‌ಫಿಕ್ಸ್ ಸಂಸ್ಥೆಯು ಮೆತ್ತನೆಯ ಪ್ಲಾಸ್ಟಿಕ್ಕಿನ ಪುಟ್ಟ ಸಿಪಾಯಿಗಳನ್ನು ಅಗ್ಗವಾಗಿ ಮಾರತೊಡಗಿದ ಮೇಲೆ ಪರಿಸ್ಥಿತಿ ಬದಲಾಯಿತು. ಒಂದು ಪೆಟ್ಟಿಗೆ ಕೆಟ್ಟರೂ ಚಿಂತೆಯಿಲ್ಲವೆಂಬ ಧೈರ್ಯದಿಂದ, ತಮಗೆ ಬೇಕಾದ ಕಾಲದ, ಬೇಕಾದ ದೇಶದ ಸೈನಿಕರು ಅಂಗಡಿಯಲ್ಲಿ ದೊರೆಯದ ಹವ್ಯಾಸಿಗಳು, ಕಾಯಿಸಿದ ಸೂಜಿಯಿಂದಲೂ ಕ್ಷೌರದ ಬ್ಲೇಡಿನಿಂದಲೂ ಒಬ್ಬನ ತಲೆಯನ್ನು ಇನ್ನೊಬ್ಬನ ಮುಂಡಕ್ಕೆ ಸೇರಿಸಲಾರಂಭಿಸಿದರು. ಕಾಯಿಸಿದ ಸೂಜಿ ಏಕೆಂದರೆ, ಆ ಬಗೆಯ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯುತ್ತಿರಲಿಲ್ಲ.

ಅದ್ಭುತ ಕಲ್ಪನೆಯ ಲೋಕಕ್ಕೆ ಈ ಆಟ ಕಾಲಿಟ್ಟದ್ದೂ ರೂಪಾಂತರದ ಬಾಗಿಲಿನಿಂದಲೇ. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಲೇಕ್ ಜಿನೀವಾದಲ್ಲಿದ್ದ ಗ್ಯಾರಿ ಗೈಗ್ಯಾಕ್ಸ್, ಜೆಫ್ ಪೆರೆನ್ ಜೊತೆಗೂಡಿ 1971ರಲ್ಲಿ 'ಚೈನ್‌ಮೇಲ್' ಎಂಬ ಮಧ್ಯಯುಗದ ಯುದ್ಧನಿಯಮಗಳನ್ನು ಪ್ರಕಟಿಸಿ, ಅದರ ಕೊನೆಗೆ ಮಾಂತ್ರಿಕರು, ಡ್ರ್ಯಾಗನ್‌ಗಳು, ದೈತ್ಯರಿಗಾಗಿ ಒಂದು ಅನುಬಂಧವನ್ನು ಸೇರಿಸಿದರು. ನಿಯಮವೇನೋ ಸಿದ್ಧವಾಯಿತು, ಮೂರ್ತಿಗಳು ಎಲ್ಲಿಯವು? ಡ್ರ್ಯಾಗನ್ ಮಾರುವವರು ಆಗ ಇರಲಿಲ್ಲವಾದ್ದರಿಂದ, ಬೆನ್ನಮೇಲೆ ಮೂಳೆಯ ಹಲಗೆಗಳ ಸಾಲುಳ್ಳ ಸ್ಟೆಗೊಸಾರಸ್ ಎಂಬ ಪ್ರಾಚೀನ ಪ್ರಾಣಿಯ ಪ್ಲಾಸ್ಟಿಕ್ ಬೊಂಬೆಯನ್ನು ಗೈಗ್ಯಾಕ್ಸ್ ಡ್ರ್ಯಾಗನ್ ಆಗಿ ಮಾರ್ಪಡಿಸಿಕೊಂಡರು. ದೊಡ್ಡ ಅಳತೆಯ ವೈಕಿಂಗ್ ಬೊಂಬೆಯೊಂದು ದೈತ್ಯನ ಪಾತ್ರವನ್ನು ವಹಿಸಿತು. ಮೂರು ವರ್ಷಗಳ ತರುವಾಯ 1974ರಲ್ಲಿ ಹೊರಬಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದ ಮೂಲದಲ್ಲಿ ಈ ಅನುಬಂಧವಿದೆ.

ಇಂಗ್ಲೆಂಡಿನಲ್ಲಿ ಗೇಮ್ಸ್ ವರ್ಕ್‌ಶಾಪ್ ಎಂಬ ಆಟದ ಸಂಸ್ಥೆ 1975ರಲ್ಲಿ ಲಂಡನ್ನಿನಲ್ಲಿ ಹುಟ್ಟಿತು. ಅದರ ಸೋದರಸಂಸ್ಥೆಯಾದ ಸಿಟಡೆಲ್ ಮಿನಿಯೇಚರ್ಸ್ ನಾಟಿಂಗ್‌ಹ್ಯಾಮಿಗೆ ಅನತಿದೂರದ ನ್ಯೂವಾರ್ಕ್ ಎಂಬ ಊರಿನಲ್ಲಿ ಲೋಹದ ಮೂರ್ತಿಗಳನ್ನು ಎರಕಹೊಯ್ಯಲಾರಂಭಿಸಿತು. 1983ರಲ್ಲಿ ಬ್ರಯಾನ್ ಆನ್ಸೆಲ್, ರಿಚರ್ಡ್ ಹ್ಯಾಲಿವೆಲ್, ರಿಕ್ ಪ್ರೀಸ್ಟ್ಲಿ ಈ ಮೂವರು ರಚಿಸಿದ ಯುದ್ಧಕ್ರೀಡೆ 'ವಾರ್‌ಹ್ಯಾಮರ್' ಪ್ರಕಟವಾಯಿತು. ಆ ಕಾಲದ ಲೋಹದ ಮೂರ್ತಿಗಳನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಒಂದು ವಿಚಿತ್ರ ಸಾಮ್ಯ ಕಣ್ಣಿಗೆ ಬೀಳುತ್ತದೆ: ಬಹುಮಂದಿ ತೋಳುಗಳನ್ನು ಎಡಬಲಕ್ಕೆ ಚಾಚಿರುವರು, ಆಯುಧವು ದೇಹದ ಮಗ್ಗುಲಲ್ಲಿ ಚಪ್ಪಟೆಯಾಗಿ ನಿಂತಿರುವುದು, ಎದುರಾಳಿಯತ್ತ ನೇರವಾಗಿ ಖಡ್ಗವನ್ನು ಚುಚ್ಚುವವನು ಅಪರೂಪ. ಇದಕ್ಕೆ ಕಾರಣ ಶಿಲ್ಪಿಯಲ್ಲ, ಅಚ್ಚು. ರಬ್ಬರಿನ ಎರಡು ಬಿಲ್ಲೆಗಳನ್ನು ಒಂದರಮೇಲೊಂದಿಟ್ಟು ರಭಸವಾಗಿ ತಿರುಗಿಸುತ್ತ, ನಡುವಿನ ರಂಧ್ರದಿಂದ ಕರಗಿದ ಲೋಹವನ್ನು ಸುರಿದರೆ ಅದು ಅಂಚಿನ ಕುಳಿಗಳಿಗೆ ನುಗ್ಗಿ ಮೂರ್ತಿಯಾಗುತ್ತದೆ. ಲೋಹ ಆರಿದ ಮೇಲೆ ಬಿಲ್ಲೆಗಳನ್ನು ಬೇರ್ಪಡಿಸುವಾಗ ಮೂರ್ತಿಯು ಸಿಕ್ಕಿಕೊಳ್ಳದೆ ಕಳಚಿ ಬರಬೇಕಾದರೆ, ಅದರ ಅಂಗಾಂಗಗಳು ಬಹುಮಟ್ಟಿಗೆ ಒಂದೇ ಸಮತಲದಲ್ಲಿರಬೇಕು. ರೂಪಾಂತರ ಮಾಡುವವನು ಮಣಿಕಟ್ಟನ್ನು ಕತ್ತರಿಸಿ ಕಾಲು ಸುತ್ತು ತಿರುಗಿಸಿದಾಗ, ಅಚ್ಚು ವಿಧಿಸಿದ್ದ ಆ ಬಂಧನದಿಂದಲೇ ಯೋಧನನ್ನು ಬಿಡಿಸಿದಂತಾಗುತ್ತದೆ.

ಆಯುಧದ ಬದಲಾವಣೆ ಅಲಂಕಾರವಾಗಿ ಉಳಿಯದೆ ಆಟದ ಅನಿವಾರ್ಯ ಅಂಗವಾದ ಉತ್ತಮ ನಿದರ್ಶನವೆಂದರೆ, 1999ರಲ್ಲಿ ಗೇಮ್ಸ್ ವರ್ಕ್‌ಶಾಪ್ ಹೊರತಂದ 'ಮಾರ್ಡ್‌ಹೈಮ್'. ಜೋಡಿಬಾಲದ ಧೂಮಕೇತುವೊಂದು ಬಿದ್ದು ನಾಶವಾದ ನಗರವದು. ಅದರ ಪಾಳುಗೋಡೆಗಳ ನಡುವೆ ಚದುರಿರುವ ಮಂತ್ರಶಕ್ತಿಯ ಕಲ್ಲುಗಳಿಗಾಗಿ ಸಣ್ಣಸಣ್ಣ ತಂಡಗಳು ಹೊಡೆದಾಡುತ್ತವೆ. ಮಹಾಸೇನೆಗಳ ಆಟದಲ್ಲಿ ನೂರು ಮಂದಿ ಭರ್ಜಿಗಾರರು ಒಂದು ಸಂಖ್ಯೆ ಮಾತ್ರ. ಇಲ್ಲಿ ಹತ್ತು ಹನ್ನೆರಡು ಮಂದಿಯ ತಂಡ, ಒಬ್ಬೊಬ್ಬನಿಗೂ ಹೆಸರು. ಆಟಗಾರನಿಗೆ ಮೊದಲಲ್ಲಿ ಕೊಡುವ ಬಂಡವಾಳ ಸಾಮಾನ್ಯವಾಗಿ 500 ಚಿನ್ನದ ನಾಣ್ಯಗಳು. ಕೂಲಿಗೆ ಬರುವ ಯೋಧರನ್ನೂ ಅವರ ಗದೆ, ಕೊಡಲಿ, ಬಿಲ್ಲು, ಕವಚಗಳನ್ನೂ ಅದರೊಳಗೇ ಕೊಂಡು, ಪ್ರತಿಯೊಂದನ್ನೂ ಪಟ್ಟಿಯಲ್ಲಿ ಬರೆದಿಡಬೇಕು. ಪ್ರತಿ ಕಾಳಗದ ನಂತರ ಲೂಟಿಯ ಹಣದಿಂದ ಹೊಸ ಆಯುಧಗಳು ಬರುತ್ತವೆ. ಕಳೆದ ವಾರ ಕೊಡಲಿ ಹಿಡಿದಿದ್ದವನು ಈ ವಾರ ಭರ್ಜಿ ಹಿಡಿಯುತ್ತಾನೆ.

ಇಲ್ಲಿಯೇ ಯುದ್ಧಕ್ರೀಡೆಯ ಒಂದು ಸದಾಚಾರವನ್ನು ಹೇಳಬೇಕು. ಮೂರ್ತಿಯ ಕೈಯಲ್ಲಿ ಕಾಣುವುದೇ ಅದರ ಆಯುಧವಾಗಿರತಕ್ಕದ್ದು, ಕಾಗದದಲ್ಲಿ ಒಂದು ಕೈಯಲ್ಲಿ ಇನ್ನೊಂದು ಇರಬಾರದು, ಎಂಬುದು ಆಟಗಾರರು ಬಹುಕಾಲದಿಂದ ಪಾಲಿಸಿಕೊಂಡು ಬಂದ ಮರ್ಯಾದೆ. ಎದುರಾಳಿಯು ಮೇಜಿನ ಆಚೆ ಬದಿಯಿಂದ ನೋಡಿ, ಅವನ ಬಳಿ ಬಿಲ್ಲುಂಟು, ಆದ್ದರಿಂದ ಬಯಲಿನಲ್ಲಿ ನಡೆಯಬಾರದು ಎಂದು ತೀರ್ಮಾನಿಸುವಂತಿರಬೇಕು. ಈ ದೃಷ್ಟಿಯಿಂದ ನೋಡಿದರೆ ಆಯುಧವನ್ನು ಬದಲಾಯಿಸುವ ಶ್ರಮವು ಎದುರಾಳಿಗೆ ಸಲ್ಲಿಸುವ ಸತ್ಯವಾಗಿದೆ. ಮೂರ್ತಿಯನ್ನು ಹಾಗೆಯೇ ಬಿಟ್ಟು, 'ಇದನ್ನು ಭರ್ಜಿಯೆಂದು ತಿಳಿಯಿರಿ' ಎಂದು ಬಾಯಿಮಾತಿನಲ್ಲಿ ಹೇಳಿ ಮುಗಿಸುವವನ ಆಟದಲ್ಲಿ ನನಗೆ ರುಚಿಯಿಲ್ಲ.

ಮಾರ್ಡ್‌ಹೈಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕಾಳಗದಲ್ಲಿ ಬಿದ್ದ ನಾಯಕನು ಸತ್ತನೇ ಬದುಕಿದನೇ ಎಂಬುದನ್ನು ದಾಳ ಹೇಳುತ್ತದೆ. ಬದುಕಿದರೂ ಒಂದು ಕಣ್ಣು ಹೋಗಬಹುದು, ಕಾಲು ಕುಂಟಾಗಬಹುದು, ತೋಳಿನ ಗಾಯ ವಿಷಮಿಸಿ ತೋಳನ್ನೇ ಕತ್ತರಿಸಬೇಕಾಗಬಹುದು. ತೋಳು ಹೋದವನು ಅಲ್ಲಿಂದ ಮುಂದೆ ಒಂದೇ ಕೈಯಲ್ಲಿ ಹಿಡಿಯಬಹುದಾದ ಒಂದೇ ಆಯುಧವನ್ನು ಬಳಸಬೇಕೆಂದು ನಿಯಮ. ಶ್ರದ್ಧೆಯುಳ್ಳ ಆಟಗಾರನು ಆ ರಾತ್ರಿಯೇ ಮೂರ್ತಿಯ ಎಡತೋಳನ್ನು ಮೊಣಕೈಯ ಮೇಲೆ ಗರಗಸದಿಂದ ಕೊಯ್ದು, ಮಡಿಸಿ ಕಟ್ಟಿದ ಖಾಲಿ ತೋಳಂಗಿಯನ್ನು ಪುಟ್ಟಿಯಿಂದ ರಚಿಸುತ್ತಾನೆ. ದಾಳದ ಒಂದು ಉರುಳಿನಿಂದ ಆರಂಭವಾದದ್ದು ಹೀಗೆ ಆ ಮೂರ್ತಿಯ ಚರಿತ್ರೆಯಾಗಿ ಶರೀರದಲ್ಲಿ ಉಳಿಯುತ್ತದೆ.

ಇನ್ನು ಕೆಲಸದ ಕ್ರಮವನ್ನು ಹತ್ತಿರದಿಂದ ನೋಡೋಣ. ಬಲಗೈಯಲ್ಲಿ ಖಡ್ಗವನ್ನೆತ್ತಿ ನಿಂತ ಲೋಹದ ಕೂಲಿಯೋಧನೊಬ್ಬನಿಗೆ ಹಾಲ್ಬರ್ಡ್ ಕೊಡಬೇಕಾಗಿದೆ ಎಂದು ಭಾವಿಸಿ. ಉದ್ದನೆಯ ಕೋಲಿನ ತುದಿಯಲ್ಲಿ ಮೇಲೆ ಮೊನೆ, ಮುಂದೆ ಕೊಡಲಿ, ಹಿಂದೆ ಕೊಕ್ಕೆ ಇರುವ ಯುರೋಪಿನ ಆಯುಧವದು. ಮೊದಲು ಖಡ್ಗದ ಅಲಗನ್ನು ಮುಷ್ಟಿಯ ಮೇಲುಗಡೆಯೂ ಹಿಡಿಯ ತುದಿಯನ್ನು ಕೆಳಗಡೆಯೂ ಕತ್ತರಿಸಿ, ಮುಷ್ಟಿಯನ್ನು ಮಾತ್ರ ಉಳಿಸಿಕೊಳ್ಳಬೇಕು. ಇಕ್ಕಳದ ಬಾಯಿ ಒಂದೆಳೆ ತಪ್ಪಿದರೆ ಬೆರಳುಗಳೇ ಹೋಗುವುದರಿಂದ, ಸ್ವಲ್ಪ ಹೆಚ್ಚಾಗಿಯೇ ಬಿಟ್ಟು ಕತ್ತರಿಸಿ, ಉಳಿದದ್ದನ್ನು ಸಣ್ಣ ಅರದಿಂದ ತೇಯ್ದು ಸಮಮಾಡುವುದು ಲೇಸು. ಅನಂತರ ಮುಷ್ಟಿಯ ನಡುವೆ ಚಾಕುವಿನ ಮೊನೆಯಿಂದ ಒಂದು ಚುಕ್ಕೆಯನ್ನು ಒತ್ತಬೇಕು. ಇದಿಲ್ಲದಿದ್ದರೆ ಬೈರಿಗೆಯು ಜಾರಿ ಹೆಬ್ಬೆರಳನ್ನು ಕೊರೆಯುವುದು ಖಂಡಿತ. ಬೆರಳುಗಳಿಂದ ತಿರುಗಿಸುವ ಪುಟ್ಟ ಬೈರಿಗೆಗೆ ಒಂದು ಮಿಲಿಮೀಟರಿನ ಮೊನೆಯನ್ನು ತೊಡಿಸಿ, ಮೇಲಿನಿಂದ ಅರ್ಧ, ಕೆಳಗಿನಿಂದ ಅರ್ಧ ಕೊರೆದು, ಎರಡೂ ರಂಧ್ರಗಳು ಮುಷ್ಟಿಯೊಳಗೆ ಸಂಧಿಸುವಂತೆ ಮಾಡಬೇಕು. ಒಂದೇ ಕಡೆಯಿಂದ ಕೊರೆದರೆ ಮೊನೆಯು ಎಲ್ಲಿ ಹೊರಬರುವುದೆಂದು ಹೇಳುವಂತಿಲ್ಲ; ಮುಷ್ಟಿಯ ಅಗಲವಾದರೂ ಎಷ್ಟು, ಮೂರು ಮಿಲಿಮೀಟರ್ ಇದ್ದೀತು.

ರಂಧ್ರದೊಳಗೆ ಹಿತ್ತಾಳೆಯ ಸರಿಗೆಯನ್ನು ತೂರಿಸಿದರೆ ಕೋಲು ಸಿದ್ಧವಾಯಿತು. ಅದರ ದಪ್ಪವೆಷ್ಟಿರಬೇಕೆಂಬುದು ವಿಚಾರಿಸತಕ್ಕ ವಿಷಯ. ಈ ಮೂರ್ತಿಗಳು ಸುಮಾರಾಗಿ ನಿಜವಾದ ಮನುಷ್ಯನ ಅರವತ್ತರಲ್ಲೊಂದು ಪಾಲು. ಮೂರು ಸೆಂಟಿಮೀಟರ್ ದಪ್ಪದ ಕೋಲು ಈ ಲೆಕ್ಕದಲ್ಲಿ ಅರ್ಧ ಮಿಲಿಮೀಟರ್ ಆಗಬೇಕು. ಆದರೆ ಕೈಯಳತೆಯ ದೂರದಿಂದ ಸ್ಪಷ್ಟವಾಗಿ ಕಾಣಲೆಂದೂ ಎರಕದಲ್ಲಿ ಮುರಿಯದಿರಲೆಂದೂ ಶಿಲ್ಪಿಗಳು ತಲೆ, ಕೈ, ಆಯುಧಗಳನ್ನು ಹಿಗ್ಗಿಸಿಯೇ ಮಾಡಿರುತ್ತಾರೆ. ಅಂಥ ದಪ್ಪ ಮುಷ್ಟಿಯಲ್ಲಿ ಲೆಕ್ಕಕ್ಕೆ ಸರಿಯಾದ ಕೋಲು ಹುಲ್ಲುಕಡ್ಡಿಯಂತೆ ತೋರುವುದರಿಂದ, ಒಂದು ಮಿಲಿಮೀಟರಿನ ಸರಿಗೆಯೇ ಕಣ್ಣಿಗೆ ಒಪ್ಪುತ್ತದೆ. ಇಲ್ಲಿ ಕಣ್ಣಿನ ಮಾತನ್ನು ಕೇಳಬೇಕು, ಗಣಿತದ ಮಾತನ್ನಲ್ಲ. ಕೊಡಲಿಯ ಅಲಗನ್ನು ಅರ್ಧ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸಿ ಅಂಟಿಸುತ್ತಾರೆ. ಸರಿಗೆಯ ತುದಿಯನ್ನೇ ತೇಯ್ದು ಮೊನೆಮಾಡುತ್ತಾರೆ. ಅಲಗೂ ಕೋಲೂ ಕೂಡುವಲ್ಲಿ ಪುಟ್ಟಿಯ ಎಳೆಯೊಂದನ್ನು ಸುತ್ತಿದರೆ ಕಬ್ಬಿಣದ ಪಟ್ಟಿಯಂತೆ ಕಾಣುವುದಲ್ಲದೆ, ಬೆಸುಗೆಯ ದೋಷವೂ ಮರೆಯಾಗುತ್ತದೆ.

ಪುಟ್ಟಿಯೆಂದರೆ ಗೋಡೆಗೆ ಹಚ್ಚುವಂಥದಲ್ಲ. ಹಳದಿ, ನೀಲಿ ಬಣ್ಣದ ಎರಡು ಎಪಾಕ್ಸಿ ಪಟ್ಟಿಗಳನ್ನು ಸಮಪ್ರಮಾಣದಲ್ಲಿ ಬೆರಳುಗಳಿಂದ ನಾದಿದರೆ ಹಸಿರು ಕಣಕವೊಂದು ದೊರೆಯುತ್ತದೆ. ಅದಕ್ಕೆ ಗ್ರೀನ್ ಸ್ಟಫ್ ಎಂದೇ ಹೆಸರು. ಸುಮಾರು ಒಂದೂವರೆ ಗಂಟೆಯ ಕಾಲ ಅದು ಶಿಲ್ಪಿಯ ಮಾತನ್ನು ಕೇಳುತ್ತದೆ, ಮರುದಿನಕ್ಕೆ ರಬ್ಬರಿನಂತೆ ತುಸು ಬಾಗುವ ಗಟ್ಟಿತನವನ್ನು ಪಡೆಯುತ್ತದೆ. ಉಪಕರಣವನ್ನು ನೀರಿನಲ್ಲಿ ಅದ್ದುತ್ತಿರದಿದ್ದರೆ ಕಣಕವು ಮೂರ್ತಿಯನ್ನು ಬಿಟ್ಟು ಉಪಕರಣಕ್ಕೇ ಅಂಟಿಕೊಳ್ಳುತ್ತದೆ. ನಾದಿದ ಕೂಡಲೇ ಚೂಪಾದ ಗೆರೆಗಳನ್ನು ಎಳೆಯಲು ಹೊರಡುವವರು ನಿರಾಶರಾಗುತ್ತಾರೆ. ಮೊದಲ ಅರ್ಧ ಗಂಟೆಯಲ್ಲಿ ಸ್ಥೂಲರೂಪವನ್ನು ಕೊಟ್ಟು, ಕಣಕ ಬಿಗಿಯಾಗುತ್ತ ಬಂದಂತೆ ಸುಕ್ಕು, ಹೊಲಿಗೆ, ಬಕ್ಕಲುಗಳನ್ನು ತೀಡುವುದು ಅನುಭವಿಗಳ ಕ್ರಮ.

ಇಷ್ಟರಿಂದ ಕೆಲಸ ಮುಗಿಯಿತೆಂದರೆ ಮುಗಿಯಲಿಲ್ಲ. ಖಡ್ಗವನ್ನು ಬೀಸಲು ಎತ್ತಿದ್ದ ತೋಳಿನಲ್ಲಿ ಹಾಲ್ಬರ್ಡ್ ಇಟ್ಟರೆ ಅದು ಧ್ವಜದಂತೆ ನಿಲ್ಲುವುದೇ ಹೊರತು ಆಯುಧವೆನಿಸುವುದಿಲ್ಲ. ಆಯುಧದ ಭಾರವು ದೇಹಕ್ಕೆ ಗೊತ್ತಿರಬೇಕು. ಭಾರವಾದ ಕೋಲನ್ನು ಹಿಡಿದವನ ಭುಜ ಒಂದು ಕಡೆಗೆ ಇಳಿಯುತ್ತದೆ, ಹಿಂದಿನ ಕಾಲು ನೆಲವನ್ನು ಒತ್ತುತ್ತದೆ. ಬಿಲ್ಲನ್ನು ಎಳೆಯುವವನ ಎದೆ ಪಕ್ಕಕ್ಕೆ ತಿರುಗಿರುತ್ತದೆ. ಎರಡು ಕೈಗಳಿಂದ ಹಿಡಿಯುವ ಆಯುಧವಾದರೆ ಕಷ್ಟ ಇಮ್ಮಡಿ, ಏಕೆಂದರೆ ಬೇರೆ ಬೇರೆ ತೋಳುಗಳ ತುದಿಯಲ್ಲಿರುವ ಎರಡು ಮುಷ್ಟಿಗಳು ಒಂದೇ ಸರಳರೇಖೆಯ ಮೇಲೆ ಬರಬೇಕು. ಇದಕ್ಕೆ ಬಲ್ಲವರು ಕಂಡುಕೊಂಡ ಉಪಾಯ ಸರಳವಾಗಿದೆ: ತೋಳುಗಳನ್ನು ಮೊದಲು ಅಂಟಿಸಿ ಆಯುಧವನ್ನು ತುರುಕುವ ಬದಲು, ಆಯುಧಕ್ಕೆ ಎರಡು ಮುಷ್ಟಿಗಳನ್ನು ಮೊದಲು ಸೇರಿಸಿ, ಅದನ್ನು ಮೂರ್ತಿಯ ಮುಂದೆ ಸರಿಯಾದ ಓರೆಯಲ್ಲಿ ನಿಲ್ಲಿಸಿ, ಭುಜದಿಂದ ಮುಷ್ಟಿಯವರೆಗಿನ ತೋಳನ್ನು ಆ ಅಂತರಕ್ಕೆ ತಕ್ಕಂತೆ ಕೂಡಿಸುವುದು. ಸಂದುಗಳನ್ನು ಅಂಗಿಯ ಸುಕ್ಕು ಮುಚ್ಚಿಕೊಳ್ಳುತ್ತದೆ.

ಕೈಯಲ್ಲಿರುವ ವಸ್ತುವಿನಿಂದ ಮೂರ್ತಿಯನ್ನು ಗುರುತಿಸುವುದು ನಮಗೇನೂ ಹೊಸತಲ್ಲ. ವಿಷ್ಣುವಿನ ಚತುರ್ವಿಂಶತಿ ಮೂರ್ತಿಗಳಲ್ಲಿ ನಿಲುವೂ ಕಿರೀಟವೂ ಒಂದೇ ಆಗಿದ್ದು, ಶಂಖ, ಚಕ್ರ, ಗದೆ, ಪದ್ಮಗಳು ಯಾವ ಯಾವ ಕೈಯಲ್ಲಿವೆಯೆಂಬ ಕ್ರಮಭೇದದಿಂದಲೇ ಕೇಶವನೆಂದೂ ಜನಾರ್ದನನೆಂದೂ ಹೆಸರು ನಿರ್ಣಯವಾಗುತ್ತದೆ. ಹೊಯ್ಸಳ ದೇವಾಲಯಗಳ ಗೋಡೆಗಳ ಮುಂದೆ ನಿಂತು ಇದನ್ನು ಎಣಿಸಿ ನೋಡಿದವರಿಗೆ, ನಾಟಿಂಗ್‌ಹ್ಯಾಮಿನ ಆಟಗಾರನು ಕೊಡಲಿಗೂ ಗದೆಗೂ ನಡುವೆ ಮಾಡುವ ಭೇದ ಕ್ಷುಲ್ಲಕವಾಗಿ ತೋರಲಾರದು. ಅಲ್ಲಿ ಶಾಸ್ತ್ರ ವಿಧಿಸಿದ ಲಕ್ಷಣ, ಇಲ್ಲಿ ಆಟಗಾರನ ಸ್ವೇಚ್ಛೆ. ಈ ಅಂತರ ಸಣ್ಣದಲ್ಲ. ಆದರೂ ಕೈಯನ್ನು ನೋಡಿ ವ್ಯಕ್ತಿಯನ್ನು ತಿಳಿಯುವ ಕಣ್ಣು ಎರಡು ಕಡೆಯೂ ಬೇಕು.

ಪ್ಲಾಸ್ಟಿಕ್ಕಿನ ಯುಗ ಈ ಕಸುಬನ್ನು ಬಹಳ ಸುಲಭಗೊಳಿಸಿತು. ಗಟ್ಟಿಯಾದ ಪಾಲಿಸ್ಟೈರೀನ್ ಮೂರ್ತಿಗಳ ತಲೆ, ತೋಳು, ಮುಂಡ, ಆಯುಧಗಳು ಬಿಡಿಬಿಡಿಯಾಗಿ ಸ್ಪ್ರೂ ಎಂಬ ಚೌಕಟ್ಟಿನಲ್ಲಿ ಅಂಟಿಕೊಂಡು ಬರುತ್ತವೆ. ಇವಕ್ಕೆ ಬಳಸುವ ದ್ರವವು ಪ್ಲಾಸ್ಟಿಕ್ಕಿನ ಮೇಲ್ಪದರವನ್ನೇ ಕರಗಿಸಿ ಎರಡು ತುಂಡುಗಳನ್ನು ಒಂದಾಗಿ ಬೆಸೆಯುವುದರಿಂದ, ಲೋಹದ ಮೂರ್ತಿಗೆ ಬೇಕಾಗುವಂತೆ ಸಂದಿನೊಳಗೆ ಸರಿಗೆಯ ಮೊಳೆಯನ್ನು ಕೂರಿಸುವ ಅಗತ್ಯ ವಿರಳ. ಒಂದು ಪೆಟ್ಟಿಗೆಯನ್ನು ಜೋಡಿಸಿದ ಮೇಲೆ ಉಳಿಯುವ ತಲೆಗಳನ್ನೂ ಖಡ್ಗಗಳನ್ನೂ ಯಾವ ಹವ್ಯಾಸಿಯೂ ಎಸೆಯುವುದಿಲ್ಲ. ಅವು ಸೇರುವ ಡಬ್ಬಿಯೇ ಅವನ ನಿಜವಾದ ಆಯುಧಾಗಾರ. ಪೆರ್ರಿ ಸಂಸ್ಥೆಯ ಐತಿಹಾಸಿಕ ಸೈನಿಕನ ಮುಂಡಕ್ಕೆ ವಾರ್‌ಹ್ಯಾಮರಿನ ತಲೆ, 2015ರಲ್ಲಿ ಪ್ರಕಟವಾದ 'ಫ್ರಾಸ್ಟ್‌ಗ್ರೇವ್' ಆಟದ ಪೆಟ್ಟಿಗೆಯಿಂದ ಚೀಲ ಮತ್ತು ಹಗ್ಗ, ಹೀಗೆ ಮೂರು ಮನೆಯ ಅಂಗಗಳಿಂದ ಒಬ್ಬ ಹುಟ್ಟುತ್ತಾನೆ. ಗೇಮ್ಸ್ ವರ್ಕ್‌ಶಾಪಿನ ಹಿರಿಯ ಚಿತ್ರಕಾರರಾಗಿದ್ದ ಜಾನ್ ಬ್ಲಾಂಚ್ ತಮ್ಮ ಮೂರ್ತಿಗಳನ್ನು ಹೀಗೆಯೇ ಕಟ್ಟಿ ಕಂದುಬಣ್ಣದ ಮಬ್ಬಿನಲ್ಲಿ ಮುಳುಗಿಸಿ, ರೂಪಾಂತರವೆಂದರೆ ಆಯುಧ ಬದಲಾವಣೆ ಮಾತ್ರವಲ್ಲ, ಒಂದು ಲೋಕದ ಭಾವವನ್ನೇ ಮೈದುಂಬಿಸುವುದು ಎಂಬುದನ್ನು ತೋರಿಸಿಕೊಟ್ಟರು.

ಹೀಗೆ ಬಿಡಿ ಅಂಗಗಳಿಗೆ ಬೇಡಿಕೆ ಬೆಳೆದಾಗ ಅದನ್ನು ಪೂರೈಸುವ ಸಣ್ಣ ವ್ಯಾಪಾರಿಗಳೂ ಹುಟ್ಟಿಕೊಂಡರು, ವಿವಾದವೂ ಹುಟ್ಟಿತು. ವಾರ್‌ಹ್ಯಾಮರ್ ಮೂರ್ತಿಗಳಿಗೆ ಹೊಂದುವ ಭುಜಕವಚಗಳೇ ಮೊದಲಾದ ತುಂಡುಗಳನ್ನು ಮಾರುತ್ತಿದ್ದ ಅಮೆರಿಕದ ಚಾಪ್ಟರ್‌ಹೌಸ್ ಸ್ಟುಡಿಯೋಸ್ ಮೇಲೆ ಗೇಮ್ಸ್ ವರ್ಕ್‌ಶಾಪ್ 2010ರಲ್ಲಿ ಶಿಕಾಗೋದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು; 2013ರಲ್ಲಿ ಜ್ಯೂರಿಯು ಕೆಲವು ಅಂಶಗಳಲ್ಲಿ ಒಬ್ಬರ ಪರವಾಗಿಯೂ ಕೆಲವು ಅಂಶಗಳಲ್ಲಿ ಇನ್ನೊಬ್ಬರ ಪರವಾಗಿಯೂ ತೀರ್ಪಿತ್ತಿತು. ಅದಾದ ವರ್ಷಗಳಲ್ಲಿ ವಾರ್‌ಹ್ಯಾಮರ್ ನಿಯಮಪುಸ್ತಕಗಳು ಪೆಟ್ಟಿಗೆಯಲ್ಲಿ ದೊರೆಯುವ ಆಯುಧಗಳಿಗೇ ಯೋಧನ ಆಯ್ಕೆಯನ್ನು ಹೆಚ್ಚುಹೆಚ್ಚಾಗಿ ಸೀಮಿತಗೊಳಿಸಿದುದನ್ನು ಹಳೆಯ ಆಟಗಾರರು ದುಃಖದಿಂದ ಗಮನಿಸಿದ್ದಾರೆ, ನನಗೂ ಅದು ನಷ್ಟವೆಂದೇ ತೋರುತ್ತದೆ. ಪುಸ್ತಕದಲ್ಲಿ ಆಯುಧವಿದ್ದು ಅಂಗಡಿಯಲ್ಲಿ ಮೂರ್ತಿಯಿಲ್ಲದಿದ್ದ ಕಾಲದಲ್ಲಿ, ಆ ತೆರವನ್ನು ತುಂಬುವ ಸಲುವಾಗಿಯೇ ಎಷ್ಟೋ ಮಂದಿ ಮೊದಲ ಸಲ ಬೈರಿಗೆ ಹಿಡಿದಿದ್ದರು. ಈಗ ಮನೆಯ ತ್ರೀಡಿ ಪ್ರಿಂಟರು ಬೇಕಾದ ಕೊಡಲಿಯನ್ನು ಬೇಕಾದ ಅಳತೆಯಲ್ಲಿ ರೆಸಿನ್ನಿನಿಂದ ರಾತ್ರೋರಾತ್ರಿ ಮಾಡಿಕೊಡುತ್ತದೆ. ಆದರೆ ಆ ಕೊಡಲಿಯನ್ನು ಹಿಡಿಯುವ ತೋಳಿನ ಓರೆಯನ್ನು ಇಂದಿಗೂ ಕಣ್ಣೇ ನಿರ್ಣಯಿಸಬೇಕಾಗಿದೆ.

ನಮ್ಮಲ್ಲಿ ಯಾರಾದರೂ ಇದನ್ನು ಕೈಗೊಳ್ಳಬಯಸಿದರೆ ದೊಡ್ಡ ಸಲಕರಣೆ ಬೇಕಿಲ್ಲ. ಚೂಪಾದ ಚಾಕು, ಸಣ್ಣ ಅರ, ಕೈಬೈರಿಗೆ, ಒಂದಿಷ್ಟು ಹಿತ್ತಾಳೆ ಸರಿಗೆ, ಫೆವಿಕ್ವಿಕ್, ಇಷ್ಟು ಸಾಕು. ಸರಿಗೆ ಸಿಗದಿದ್ದರೆ ಕಾಗದಕ್ಕೆ ಹಾಕುವ ಕ್ಲಿಪ್ಪನ್ನು ನೇರಮಾಡಿಕೊಳ್ಳಬಹುದು. ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್ ಕೂಡ ಗ್ರೀನ್ ಸ್ಟಫ್‌ನಂತೆ ಎರಡು ಪಾಲು ಕೂಡಿಸುವ ಎಪಾಕ್ಸಿಯೇ ಆದ್ದರಿಂದ ಪೀಠದ ಕಲ್ಲುಮಣ್ಣನ್ನು ರೂಪಿಸಲು ಅದು ಧಾರಾಳವಾಗಿ ಒದಗುತ್ತದೆ, ಬಟ್ಟೆಯ ಸುಕ್ಕಿನಂಥ ನವುರು ಕೆಲಸಕ್ಕೆ ಮಾತ್ರ ಒಗ್ಗುವುದಿಲ್ಲ. ಹಳೆಯ ಲೋಹದ ಮೂರ್ತಿಗಳಲ್ಲಿ ಸೀಸವಿರುವುದರಿಂದ ಅರದ ಪುಡಿಯನ್ನು ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಿ ಕೈ ತೊಳೆಯಬೇಕು. ರೆಸಿನ್ನನ್ನು ತೇಯುವಾಗ ಮೂಗಿಗೆ ಮಾಸ್ಕ್ ಇರಲಿ. ಕೆಲಸ ಮುಗಿದ ಮೇಲೆ ಬೂದುಬಣ್ಣದ ಪ್ರೈಮರನ್ನು ತೆಳ್ಳಗೆ ಹೊಡೆದರೆ ಲೋಹ, ಹಿತ್ತಾಳೆ, ಪುಟ್ಟಿ, ಪ್ಲಾಸ್ಟಿಕ್ಕುಗಳ ಬಣ್ಣಭೇದವೆಲ್ಲ ಅಳಿದು, ಮುಚ್ಚದೆ ಉಳಿದ ಸಂದುಗಳು ಆಗ ಕಣ್ಣಿಗೆ ಬೀಳುತ್ತವೆ. ಅವನ್ನು ತುಂಬಿ, ಮತ್ತೊಮ್ಮೆ ತೇಯ್ದು, ಬಳಿಕ ಬಣ್ಣಕ್ಕೆ ಕೈಹಾಕುವುದು. ಮೊದಲ ಪ್ರಯತ್ನಕ್ಕೆ ಎರಡು ಕೈಗಳ ಆಯುಧವನ್ನು ಆರಿಸಿಕೊಳ್ಳದೆ, ಭರ್ಜಿಯನ್ನು ನೆಲಕ್ಕೂರಿ ನಿಂತ ಕಾವಲುಗಾರನಿಂದ ಆರಂಭಿಸುವುದು ಕ್ಷೇಮ; ಕೋಲಿನ ಬುಡವನ್ನು ಪೀಠದಲ್ಲಿ ಕೊರೆದ ಇನ್ನೊಂದು ರಂಧ್ರದೊಳಗೆ ಇಳಿಸಿ ಅಂಟಿಸಿದರೆ, ಮೇಜಿನ ಮೇಲೆ ಎಷ್ಟು ಸಲ ಎತ್ತಿಟ್ಟರೂ ಆ ಭರ್ಜಿ ಅಲುಗುವುದಿಲ್ಲ.